ತಡವಾಗಿ ಜೋಡಿಯಾದ ಪತಂಗಗಳು

ಆ ವರ್ಷ ಕಂಬಳಿಹುಳಗಳು ನಮ್ಮ ಕಾಫಿ ಎಸ್ಟೇಟಿನ ನೆರಳುಮರಗಳನ್ನೆಲ್ಲ ಬೋಳು ಮಾಡಿದವು. ಎಸ್ಟೇಟಿನ ಒಡೆಯರಾದ ಇಂಗ್ಲಿಷ್ ದೊರೆಗಳಿಗೆ ಅವುಗಳ ಸಂಸಾರ ತಿಳಿಯುವ ಹುಚ್ಚು ಹಿಡಿಯಿತು. ಲಾಂದ್ರದ ಗಾಜುಗಳಿಗೆ ತೆಳು ಬಟ್ಟೆ ಕಟ್ಟಿ, ಒಂದೊಂದರಲ್ಲಿ ಆ ಹುಳಗಳಿಂದಾದ ಒಂದು ಹೆಣ್ಣು ಪತಂಗ ಬಿಟ್ಟೆವು. ಕೆಲವಕ್ಕೆ ಗೂಡೊಡೆದ ದಿನವೇ ಗಂಡು, ಕೆಲವಕ್ಕೆ ನಾಲ್ಕು ದಿನ ಕಾಯಿಸಿ. ಇನ್ನು ಕೆಲವಕ್ಕೆ ಗಂಡೇ ಇಲ್ಲ. ಮೊಟ್ಟೆ, ಸಾವು ಎರಡನ್ನೂ ಬರೆದಿಡುವುದು ಎಸ್ಟೇಟಿನ ರೈಟರ್ ಆದ ನನ್ನ ಪಾಲಿಗೆ ಬಂತು. ಹುಳಗಳ ಶಾನುಭೋಗ ನಾನು.

ಕಾದವು ಕಡಿಮೆ ಮೊಟ್ಟೆ ಇಟ್ಟವು, ಆದರೆ ಹೆಚ್ಚು ದಿನ ಬದುಕಿದವು. ಗಂಡು ಕಾಣದವು ಎಲ್ಲಕ್ಕಿಂತ ಹೆಚ್ಚು. ಪೈಪು ಕಚ್ಚಿಕೊಂಡು ದೊರೆಗಳು ಇದನ್ನು ಹೇಳಿದ ಠೀವಿಯನ್ನು ನಾನು ಕೂಲಿ ಲೈನುಗಳ ಮನೆಮನೆಯಲ್ಲೂ ಆಡಿ ತೋರಿಸಿ ನಗಿಸಿದೆ.

ಅಕ್ಕನಿಗೆ ಆಗ ಇಪ್ಪತ್ತೈದು. ಅಪ್ಪನ ಸಾವು, ನನ್ನ ಓದು, ಹೀಗೆ ಅವಳ ಮದುವೆ ಹಿಂದೆ ಬಿದ್ದಿತ್ತು. ಕೊನೆಗೆ ಕಳಸದ ಕಡೆಯ ಒಬ್ಬ ವಿಧುರರು ತಾಯಿಯೊಡನೆ ನೋಡಲು ಬಂದರು. ಹುಡುಗಿಗೆ ಇಪ್ಪತ್ತು ಎಂದು ಅಮ್ಮ ಅವರಿಗೆ ಹೇಳಿ ಕಳಿಸಿದ್ದಳು. ಅಕ್ಕ ಬೆಳಗಿನಿಂದ ಎರಡು ಸಲ ಸೀರೆ ಬದಲಾಯಿಸಿದ್ದಳು.

ಕಾಫಿ ಕುಡಿಯುತ್ತ ಆ ತಾಯಿ ನನ್ನ ಕಡೆ ತಿರುಗಿದರು. “ನೀನು ದೊರೆ ಹಂಗೆ ಮಾತಾಡ್ತೀಯಂತಲ್ಲ. ಎಲ್ಲಿ, ಒಂದ್ಸಲ ಮಾಡು ಮಾರಾಯ, ನೋಡ್ವ.”

ಕೇಳಬೇಕೇ! ಬೆರಳನ್ನೇ ಪೈಪು ಮಾಡಿಕೊಂಡು ಎದ್ದೆ. “ಲೇಟ್ ಮ್ಯಾರೇಜು, ಮೊಟ್ಟೆ ಕಮ್ತಿ! ನೋ ಮ್ಯಾರೇಜು, ಲಾಂಗ್ ಲೈಫು!”

ಎಲ್ಲರೂ ನಕ್ಕರು. ಮೊದಲು ನಗು ನಿಲ್ಲಿಸಿದವರು ಆ ತಾಯಿ. ಲೋಟ ಕೆಳಗಿಟ್ಟು ಅಕ್ಕನನ್ನು ಕೇಳಿದರು: “ನಿಂಗೆ ಸರಿಯಾಗಿ ಎಷ್ಟಾತು ಮಗಾ?”

ಅಮ್ಮ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿಬಿಟ್ಟಳು. “ಇಪ್ಪತ್ತೈದು.”

“ನಮ್ಗೆ ಮನೇಲೊಂದು ಕೂಸು ಬೇಕಿತ್ತು” ಎಂದು ಅವರು ಎದ್ದರು. ಮಗನೂ ಅವರ ಹಿಂದೆಯೇ ಹೋದರು.

ವಾರವಾದರೂ ಅಕ್ಕ ನನ್ನೊಡನೆ ಮಾತಾಡಲಿಲ್ಲ. ಬೇರೇನು ಬರುತ್ತದೆ ನನಗೆ? ಮತ್ತೆ ದೊರೆಯಾದೆ. “ಲಾಂಗ್ ಲೈಫು, ಅಕ್ಕ! ನಮ್ಮೆಲ್ರನ್ನೂ ಕಳಿಸಿಯೇ ನೀನು ಹೋಗೋದು.”

ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. “ಅಷ್ಟು ದಿನ ಬದುಕಿ ಆ ಗಂಡಿಲ್ಲದ ಪತಂಗ ಏನ್ ಮಾಡ್ತಿತ್ತು ಅಂತ ನೋಡಿದ್ಯೇನೋ?”

ನೋಡಿದ್ದೆ. ರೆಕ್ಕೆಯ ಪುಡಿಯೆಲ್ಲ ಉದುರುವವರೆಗೆ ಅದು ಗಾಜಿಗೆ ಬಡಿದುಕೊಂಡಿತ್ತು. ಕೊನೆಗೆ ಬಟ್ಟೆಯ ಮೇಲೆ ಒಂದಿಷ್ಟು ಮೊಟ್ಟೆ ಇಟ್ಟಿತ್ತು. ಒಂದೂ ಒಡೆಯಲಿಲ್ಲ.

“ಇಲ್ಲ ಅಕ್ಕ,” ಎಂದೆ, ನನ್ನದೇ ಧ್ವನಿಯಲ್ಲಿ. “ನೋಡ್ಲಿಲ್ಲ.”