ಮಗ್ಗ ನಿಂತರೆ ಕೂಗುವ ಡಬ್ಬಿ

ಬೆಟಗೇರಿಯ ಭುವನೇಶ್ವರಿ ಬಲು ಜೋರಿನ ಹೆಂಗಸು. ಮದುವೆಯಾಗಿ ಬಂದ ವರ್ಷ ಅತ್ತೆ ಮಗ್ಗಕ್ಕೆ ಕೂರಿಸಿದ್ದು. ಬಸುರಿ, ಬಾಣಂತಿ, ವಿಧವೆ ಯಾವ ಕಾಲಕ್ಕೂ ಅದನ್ನು ಬಿಟ್ಟವಳಲ್ಲ, ಯಾರಿಗೂ ಹೆದರಿದವಳೂ ಅಲ್ಲ. ಅಂಥವಳು ಈಗ ಅಂಗೈಯಗಲದ ಒಂದು ಡಬ್ಬಿಗೆ ಹೆದರಿ ಕೂತಿದ್ದಳು.

ಸೊಸೆ ಸುಶ್ಮಿತಾಳ ಮೊದಲ ಕೂಸು ಮಲಗಿದಲ್ಲೇ ತೀರಿಹೋಗಿತ್ತು, ಯಾಕೆಂದು ಯಾರಿಗೂ ತಿಳಿಯಲಿಲ್ಲ. ಎರಡನೆಯದು ದಿನ ತುಂಬುವ ಮೊದಲೇ ಹುಟ್ಟಿತು. ನಿದ್ದೆಯಲ್ಲಿ ಉಸಿರಾಡುವುದನ್ನೇ ಮರೆಯುತ್ತಿತ್ತು. ಅದಕ್ಕೇ ಗದಗಿನ ಡಾಕ್ಟರು ಈ ಡಬ್ಬಿ ಕೊಟ್ಟು ಕಳಿಸಿದ್ದರು. ಕೂಸಿನ ಕೆಳಗೊಂದು ಚಪ್ಪಟೆ ತಟ್ಟೆ, ಅದಕ್ಕೊಂದು ವೈರು. ಉಸಿರಾಡಿದಂತೆಲ್ಲ ಹಸಿರು ದೀಪ ಮಿಣುಕುತ್ತದೆ. ಉಸಿರು ನಿಂತರೆ ಡಬ್ಬಿ ಕೂಗುತ್ತದೆ.

"ಗಟ್ಟಿ ಹಲಗಿ ಮ್ಯಾಲ ಅಂಗಾತ ಮಲಗಸ್ರಿ, ತೂಗಬ್ಯಾಡ್ರಿ" ಎಂದಿದ್ದಳು ನರ್ಸ್ ಶೈಲಾ. ತೂಗಲಿಲ್ಲ, ಖರೆ. ಆದರೆ ಕಣ್ಣೆದುರೇ ಇರಲಿ ಎಂದು ಭುವನೇಶ್ವರಿ ತೊಟ್ಟಿಲನ್ನು ಮಗ್ಗ ಬಿಗಿದ ತೊಲೆಗೇ ಕಟ್ಟಿಸಿದಳು. ತೊಟ್ಟಿಲೊಳಗಿಟ್ಟ ಹಲಗೆ ಒತ್ತೀತೆಂದು ತಾನೇ ಹೊಲಿದ ದಪ್ಪ ಕೌದಿಯನ್ನೂ ತಟ್ಟೆಯ ಮೇಲೆ ಹಾಸಿದಳು.

ಅಲ್ಲಿಂದ ಶುರುವಾಯಿತು ನೋಡಿ ಪೀಕಲಾಟ. ನೇಯುವಾಗ ದೀಪ ಚಂದ ಮಿಣುಕುತ್ತದೆ. ಚಹಾಕ್ಕೆಂದು ಎದ್ದರೆ ಡಬ್ಬಿ ಬೊಬ್ಬೆ ಹೊಡೆಯುತ್ತದೆ! ಓಡಿ ಬಂದು ನೋಡಿದರೆ ಕೂಸು ತುಟಿ ಚಪ್ಪರಿಸುತ್ತ ಮಲಗಿದೆ. ಮತ್ತೆ ಮಗ್ಗ ತುಳಿದರೆ ಡಬ್ಬಿ ಗಪ್‌ಚುಪ್.

"ನಾ ಎದ್ರ ಕೂಸಿನ ಉಸಿರು ನಿಲ್ಲತೈತಿ ನೋಡವಾ" ಎಂದ ಭುವನೇಶ್ವರಿ ತನ್ನ ಮಾತಿಗೆ ತಾನೇ ಬೆವೆತಳು. ಇದು ದೇವರ ಆಟವೋ, ಮಷೀನಿನ ಮಂಗಾಟವೋ? ನಂಬಿದರೆ ಜನ ನಕ್ಕಾರು, ನಂಬದಿದ್ದರೆ ಕೂಸು ಹೋದೀತು. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಉಣ್ಣುವುದೂ ಕಾಲು ಇಳಿಬಿಟ್ಟು ತುಳಿಯುವ ಮಗ್ಗದ ಕುಣಿಯಲ್ಲೇ, ಕಾಲಾಡಿಸುತ್ತಲೇ.

ಒಂದು ಮಧ್ಯಾಹ್ನ ಸುಶ್ಮಿತಾ ಹಾಲೂಡಿಸಲು ಕೂಸನ್ನೆತ್ತಿಕೊಂಡಳು, ಡಬ್ಬಿ ಆರಿಸುವುದನ್ನು ಮರೆತಳು. ಹಸಿರು ದೀಪ ಮಿಣುಕುತ್ತಲೇ ಇತ್ತು.

"ಅತ್ತೀ, ತೊಟ್ಟಿಲದಾಗ ಯಾರದಾರ್ರಿ?"

ಭುವನೇಶ್ವರಿಯ ಕಾಲು ನಿಂತಿತು. ಡಬ್ಬಿ ಕೂಗಿತು. ತುಳಿದಳು, ದೀಪ ಮಿಣುಕಿತು.

"ಅಯ್ಯ ಶಿವನ! ಇಷ್ಟು ದಿನ ಇದು ನನ್ನ ಕಾಲು ಕಾಯಾಕತ್ತಿತ್ತೇನ?" ಹಾಗಾದರೆ ಕೂಸನ್ನು ಕಾದವರು ಯಾರು? ಅವಳು ಆಗಿಂದಾಗಲೇ ನರ್ಸಿಗೆ ಫೋನು ಹಚ್ಚಿಸಿದಳು.

ಫೋನಿನಲ್ಲಿ ಶೈಲಾ ಬೈದೇಬಿಟ್ಟಳು. "ಮಗ್ಗದ ಅದರಾಟ ತೊಲಿ ಹಿಡದು ತೊಟ್ಟಿಲಕ ಇಳೀತೈತ್ರಿ. ಕೌದಿ ದಾಟಿ ಕೂಸಿನ ಉಸಿರು ಹೆಂಗ ಮುಟ್ಟಬೇಕು? ಜಲ್ದಿ ಕೌದಿ ತಗದು ಒಳಗಿನ ಖೋಲ್ಯಾಗ ನೆಲದ ಮ್ಯಾಲ ಹಲಗಿ ಇಡ್ರಿ. ಮಗ್ಗ ನಿಂದರಸ್ರಿ."

ಹಾಗೇ ಮಾಡಿದರು. ಮಗ್ಗ ನಿಂತ ಮನೆ ಯಾರದೋ ಮನೆಯಂತಿತ್ತು. ಭುವನೇಶ್ವರಿ ಮಂಚದ ಮೇಲೆ ಕೂತು, ಎಲ್ಲಿ ನೆಲ ಅದುರೀತೋ ಎಂದು ಎರಡೂ ಕಾಲು ಎತ್ತಿ ಹಿಡಿದಳು. ದೀಪ ಸುಮ್ಮನಿತ್ತು. ಆಮೇಲೆ ಮಿಣುಕಿತು. ಒಮ್ಮೆ ಬೇಗ, ಒಮ್ಮೆ ತಡವಾಗಿ, ಅವಳ ಕಾಲಿನ ಯಾವ ತಾಳಕ್ಕೂ ಸೇರದ ಹಾಗೆ.

"ಇದು ನಂದಲ್ಲ, ಸುಶ್ಮಿತಾ" ಎಂದು ಆ ಜೋರಿನ ಹೆಂಗಸು ಕಾಲಿಳಿಸದೆ ಗಳಗಳನೆ ಅತ್ತಳು. "ಇದು ಕೂಸಿನದ ಐತಿ."