ದೊರೆಯ ಹಾಡಿಗೆ ಬಿಟ್ಟ ಪಟ್ಟು

ಗೆಳೆಯರೇ, ಇವತ್ತು ಖಾನಾಪುರದ ಕುಸ್ತಿಯಲ್ಲಿ ನನ್ನ ತಮ್ಮ ಬಸಪ್ಪ ಸೋತ. ಹೇಗೆ ಸೋತನೆಂದು ನನ್ನಿಂದಲೇ ಕೇಳಿ. ಜಾಂಬೋಟಿಯ ಪೈಲವಾನನ ಒಂದು ಭುಜವನ್ನು ಆಗಲೇ ಮಣ್ಣಿಗೆ ಒತ್ತಿದ್ದ. ಇನ್ನೊಂದು ಭುಜ ನೆಲದಿಂದ ನಾಲ್ಕು ಬೆರಳಷ್ಟೇ ಮೇಲಿತ್ತು; ಅದೂ ತಾಗಿದ್ದರೆ ಗೆದ್ದಂತೆ. ಅಷ್ಟರಲ್ಲಿ ಬೆಳಗಾವಿಯ ಬಿಳಿ ಸಾಹೇಬರು ತಡವಾಗಿ ಬಂದರು. ಬ್ಯಾಂಡಿನವರು ಇಂಗ್ಲೆಂಡಿನ ದೊರೆಯ ಹಾಡು ಶುರು ಮಾಡಿದರು. ಜನವೆಲ್ಲ ಎದ್ದು ನಿಂತಿತು. ಬಸಪ್ಪ ಮಾತ್ರ ಪಟ್ಟು ಬಿಡಲಿಲ್ಲ. ನಾನು ಆ ಸಾಹೇಬರ ಕಚೇರಿಯ ಗುಮಾಸ್ತ. ಅವರು ಒಮ್ಮೆ ಅವನನ್ನು ನೋಡಿದರು, ಒಮ್ಮೆ ನನ್ನನ್ನು.

"ಏ ಬಸ್ಯಾ, ಬಿಡೋ! ಎದ್ದು ನಿಂದರೋ!" ಎಂದು ಕೂಗಿದೆ.

"ಜರಾ ತಡಿ ಅಣ್ಣಾ, ಮುಗದ ಹೋತು!" ಎಂದ.

"ನನ್ನ ನೌಕರಿ ಹೋಗ್ತೈತಲೋ!"

ಚಿಕ್ಕಂದಿನಿಂದ ನನ್ನ ಮಾತು ಮೀರಿದವನಲ್ಲ. ಬಿಟ್ಟು ಎದ್ದ. ಪೈಲವಾನರಿಬ್ಬರೂ ಮಣ್ಣು ಮೆತ್ತಿದ ಮೈಯಲ್ಲಿ ಅಕ್ಕಪಕ್ಕ ಕೈಕಟ್ಟಿ ನಿಂತರು. ಹಾಡು ಮುಗಿದಾಗ ಪಂಚರು, "ಮೊದಲಿಂದ ಹಿಡೀರಿ" ಎಂದರು. ಹಿಡಿದ ಗಳಿಗೆಯಲ್ಲೇ ಬಸಪ್ಪನ ಬೆನ್ನು ಮಣ್ಣಿಗೆ ಬಿತ್ತು.

ಮನೆಗೆ ಬಂದರೆ ಅವ್ವ, "ನನ್ನ ಮಗನ್ನ ಯಾರ ಕೆಡವಿದ್ರೋ?" ಎಂದು ಕೇಳಿದಳು.

ಬಸಪ್ಪ ನನ್ನತ್ತ ನೋಡಲೇ ಇಲ್ಲ. "ಜಾಂಬೋಟಿಯಾಂವ, ಅವ್ವಾ" ಎಂದ.

ನನ್ನ ನೌಕರಿ ಉಳಿದಿದೆ, ಗೆಳೆಯರೇ.