ವಿಡಿಯೋ ಇಲ್ಲದ ಎರಡು ಕಲ್ಲು

“ಅಮ್ಮಾ, ಪ್ಲೀಸ್... ಡೋಂಟ್ ಸ್ಕ್ರೀಮ್ ಟುಡೇ.”

ಐಸ್ ಹಾಲ್‌ನ ಬಾಗಿಲಲ್ಲಿ ಇಷ್ಟು ಹೇಳಿ ಮಗಳು ಚಾರ್ವಿ ಒಳಗೆ ಹೋದಳು. ಅವಳ ತಪ್ಪೇನಿಲ್ಲ, ನನ್ನ ಗಂಟಲೇ ಅಂಥದ್ದು. ನಾನು ಹ್ಯೂಸ್ಟನ್‌ನಲ್ಲಿ ಕೂಗಿದರೆ ಆಸ್ಟಿನ್‌ಗೆ ಕೇಳಿಸುತ್ತದೆ ಅಂತ ನಮ್ಮ ಮನೆಯವರು ಗಿರೀಶ್ ರೇಗಿಸುತ್ತಿರುತ್ತಾರೆ.

ಹೊರಗೆ ಡಾಲಸ್ ಬಿಸಿಲಿಗೆ ಕಾರಿನ ಸ್ಟಿಯರಿಂಗ್ ಮುಟ್ಟೋಕಾಗಲ್ಲ. ಒಳಗೆ ನಾನು ಶಾಲು ಹೊದ್ದು, ಮಂಕಿ ಕ್ಯಾಪ್ ಹಾಕಿಕೊಂಡು ಕೂತಿದ್ದೇನೆ.

ಆ ವಾರವೆಲ್ಲ ನನಗೆ ಎಚ್ಚರವೋ ಕನಸೋ ಗೊತ್ತಾಗದ ಹಾಗಿತ್ತು... ಬೆಳ್ಳಗೆ ಹೊಳೆಯುವ ಐಸ್, ಅದರ ಮೇಲೆ ಕಲ್ಲು ಜಾರುವಾಗಿನ ಗುರ್ರ್ ಎನ್ನುವ ಮೆಲ್ಲನೆಯ ಸದ್ದು, ಯಾವ್ಯಾವುದೋ ದೇಶದ ಮಕ್ಕಳು ಯಾವ್ಯಾವುದೋ ಭಾಷೆಯಲ್ಲಿ ಕೂಗುವುದು. ಕೇಳುತ್ತಾ ಕೇಳುತ್ತಾ ಕಣ್ಣು ಎಳೆಯುತ್ತಿತ್ತು.

ಜೂನಿಯರ್ ಕರ್ಲಿಂಗ್ ಅಂತರರಾಷ್ಟ್ರೀಯ ಟೂರ್ನಿ ಅದು. ಹುಡುಗರ ತಂಡಗಳು ಬೇರೆ, ಹುಡುಗಿಯರ ತಂಡಗಳು ಬೇರೆ. ಆತಿಥೇಯರು ಅಂತ ನಮ್ಮ ಟೆಕ್ಸಸ್ ಹುಡುಗಿಯರಿಗೂ ಒಂದು ಜಾಗ ಸಿಕ್ಕಿತ್ತು. ಫ್ರಿಸ್ಕೋದಿಂದ ಇಬ್ಬರು, ಆಸ್ಟಿನ್‌ನಿಂದ ಇಬ್ಬರು, ಹ್ಯೂಸ್ಟನ್‌ನಿಂದ ಇವಳು.

ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಒಬ್ಬಳು ಭಾರದ ಕಲ್ಲನ್ನು ಐಸ್ ಮೇಲೆ ಜಾರಿಸಿ ಬಿಡುತ್ತಾಳೆ. ಇಬ್ಬರು ಅದರ ಮುಂದೆ ಬ್ರಶ್ಶಿನಿಂದ ಉಜ್ಜುತ್ತಾ ಓಡುತ್ತಾರೆ. ಆ ತುದಿಯಲ್ಲಿ ಬರೆದಿರುವ ವೃತ್ತದೊಳಗೆ ಕಲ್ಲು ಹೋಗಿ ನಿಲ್ಲಬೇಕು. ಒಂದು ಸುತ್ತಿನಲ್ಲಿ ಒಬ್ಬೊಬ್ಬರಿಗೆ ಎರಡೆರಡು ಕಲ್ಲು.

“ಮನೇಲಿ ಒಂದಿನ ಪೊರಕೆ ಮುಟ್ಟಿದವಳಲ್ಲ, ಅಲ್ಲಿ ಹೋಗಿ ಗುಡಿಸ್ತಾಳಾ?” ಅಂತ ಪೇರ್‌ಲ್ಯಾಂಡ್‌ನ ಶೋಭಾ ಆಂಟಿ ನಕ್ಕಿದ್ದರು. ಗುಡಿಸೋಕಾದರೂ ಚಾನ್ಸ್ ಸಿಗಲಿ ಆಂಟಿ, ಅಂದಿದ್ದೆ.

ಏಕೆಂದರೆ ಚಾರ್ವಿ ಐದನೆಯವಳು. ಆಡುವುದು ನಾಲ್ವರೇ. ಐದನೆಯವಳನ್ನು ಆಲ್ಟರ್ನೇಟ್ ಅನ್ನುತ್ತಾರೆ. ಆ ನಾಲ್ವರಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಇವಳ ಸರದಿ, ಇಲ್ಲದಿದ್ದರೆ ಬೆಂಚು.

ಹಾಗಂತ ಸುಮ್ಮನೆ ಕೂರುವ ಕೆಲಸವೂ ಅಲ್ಲ. ದಿನಾ ಸಂಜೆ ಆಟ ಮುಗಿದ ಮೇಲೆ ಇವಳು ಖಾಲಿ ಐಸ್ ಮೇಲೆ ಒಂದೊಂದೇ ಕಲ್ಲನ್ನು ಬಿಟ್ಟು ನೋಡಿ, ಯಾವುದು ನೇರ ಹೋಗುತ್ತದೆ, ಯಾವುದು ಪಕ್ಕಕ್ಕೆ ಎಳೆಯುತ್ತದೆ ಅಂತ ಉಳಿದವರಿಗೆ ಹೇಳಬೇಕು. ಮಾರನೆಯ ದಿನ ಆ ಕಲ್ಲುಗಳನ್ನು ಅವರು ಆಡುತ್ತಾರೆ, ಇವಳು ನೋಡುತ್ತಾಳೆ.

ನನ್ನ ಹೊಟ್ಟೆ ಉರಿಯುತ್ತಿತ್ತು.

ಈ ವರ್ಷ ಕಳೆದರೆ ಅವಳಿಗೆ ಜೂನಿಯರ್ ವಯಸ್ಸು ಮುಗಿಯಿತು. ಚಿಕ್ಕವಳಿದ್ದಾಗ ಟೀವಿಯಲ್ಲಿ ಈ ಆಟ ನೋಡಿ “ಐ ವಾಂಟ್ ಟು ಡೂ ದಟ್” ಅಂದಾಗಿನಿಂದ ಹ್ಯೂಸ್ಟನ್‌ನಿಂದ ಡಾಲಸ್‌ಗೆ ವಾರ ವಾರ ಡ್ರೈವ್ ಮಾಡಿದ್ದೇವೆ. ಒಂದೇ ಒಂದು ಕಲ್ಲು ಬಿಡಲಿ ಅಂತ ನನ್ನ ಆಸೆ. ಅವಳದ್ದೂ ಅದೇ, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಹ್ಯೂಸ್ಟನ್‌ನ ಎನರ್ಜಿ ಕಾರಿಡಾರ್‌ನಲ್ಲಿರುವ ಆಫೀಸಿನಿಂದ ಗಿರೀಶ್ ದಿನಾ ಫೋನ್ ಮಾಡುತ್ತಿದ್ದರು.

“ಆ ನಾಲ್ಕು ಜನದಲ್ಲಿ ಯಾರಿಗಾದ್ರೂ ಸಣ್ಣದಾಗಿ ಒಂದು ನೆಗಡಿ ಬರಬಾರದೇನೇ?”

“ಥೂ, ಬಿಡ್ತು ಅನ್ನಿ! ಅವ್ರೂ ನಮ್ಮ ಮಕ್ಕಳ ಹಾಗೇ ಅಲ್ವಾ?”

ಹಾಗೆ ಅಂದೆನೇನೋ ಸರಿ... ಆದರೆ ಹಿಂದಿನಿಂದ ಸೀನಿದ ಸದ್ದು ಕೇಳಿದರೆ ಯಾರು ಅಂತ ತಿರುಗಿ ನೋಡುತ್ತಿದ್ದೆ. ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ.

ಅವರಲ್ಲಿ ಒಬ್ಬಳೂ ಸೀನಲಿಲ್ಲ. ಎಲ್ಲರೂ ಗುಂಡುಕಲ್ಲಿನ ಹಾಗಿದ್ದರು.

ಕೊನೆಯ ದಿನ, ನಮ್ಮ ಕೊನೆಯ ಆಟ. ಎದುರಿಗೆ ಸ್ಕಾಟ್ಲೆಂಡ್‌ನ ಹುಡುಗಿಯರು. ನಮ್ಮವರು ತುಂಬಾ ಹಿಂದೆ ಬಿದ್ದಿದ್ದರು. ಈ ಆಟದಲ್ಲಿ ಇನ್ನು ಗೆಲ್ಲೋಕಾಗಲ್ಲ ಅಂತ ಗೊತ್ತಾದರೆ ಸೋತವರೇ ಮುಂದೆ ಬಂದು ಕೈಕುಲುಕಿ ಆಟ ಮುಗಿಸುತ್ತಾರೆ, ಅದೇ ಮರ್ಯಾದೆ.

ನಮ್ಮ ಕ್ಯಾಪ್ಟನ್, ಆಸ್ಟಿನ್ ಹುಡುಗಿ, ಕೈಕುಲುಕೋಕೆ ಗ್ಲೌಸ್ ತೆಗೆದು ಹೊರಟಳು. ನಾನು ಶಾಲು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಮುಗೀತಲ್ಲ ಕಂದಾ ಅಂದುಕೊಂಡೆ.

ಆಮೇಲೆ ಆ ಹುಡುಗಿ ನಿಂತಳು. ಬೆಂಚಿನ ಕಡೆ ನೋಡಿದಳು. ಗ್ಲೌಸನ್ನು ಮತ್ತೆ ಹಾಕಿಕೊಂಡು ಕೋಚ್ ಹತ್ತಿರ ಹೋಗಿ ಏನೋ ಹೇಳಿದಳು. ಹೊಸ ಸುತ್ತು ಶುರುವಾಗುವ ಮುಂಚೆ ಹುಷಾರಿದ್ದವರನ್ನೂ ಬದಲಿಸಬಹುದಂತೆ. ಫ್ರಿಸ್ಕೋದ ಹುಡುಗಿಯೊಬ್ಬಳು ನಗುತ್ತಾ ಬಂದು ಬೆಂಚಿನ ಮೇಲೆ ಕೂತಳು.

ಚಾರ್ವಿ ಎದ್ದು ನಿಂತಳು.

ಸೋತ ಆಟವನ್ನು ಇನ್ನೊಂದು ಸುತ್ತು ಎಳೆದದ್ದು ಇವಳಿಗೋಸ್ಕರ ಅಂತ ನನಗೆ ತಕ್ಷಣ ಹೊಳೆಯಲೇ ಇಲ್ಲ. ಸ್ಕಾಟ್ಲೆಂಡ್‌ನವರಿಗೆ ನನಗಿಂತ ಮೊದಲೇ ಹೊಳೆಯಿತು. ಒಂಚೂರೂ ಅವಸರ ಮಾಡದೆ ಬ್ರಶ್ ಊರಿಕೊಂಡು ನಿಂತರು.

ಮೊದಲ ಕಲ್ಲು ಜೋರಾಯಿತು. ವೃತ್ತ ದಾಟಿ ಹಿಂದಿನ ಗೋಡೆಯ ಸ್ಪಂಜಿಗೆ ಹೋಗಿ ಬಡಿಯಿತು. ಅಯ್ಯೋ ನನ್ನ ಕಂದಾ...

ಎದುರಾಳಿಯದ್ದೊಂದು ಆಯಿತು. ಮತ್ತೆ ಇವಳ ಸರದಿ.

ಬಗ್ಗಿದಳು, ಐಸ್ ಮೇಲೆ ಜಾರುತ್ತಾ ಬಂದಳು, ಕೈ ಬಿಟ್ಟಳು.

ಕಲ್ಲು ಬರುತ್ತಿದೆ... ಎಷ್ಟು ನಿಧಾನ ಅಂದರೆ, ಹಾಲ್‌ನ ಸದ್ದೆಲ್ಲ ಎಲ್ಲೋ ದೂರ ಹೋಗಿಬಿಟ್ಟಿತು. ಇಬ್ಬರು ಹುಡುಗಿಯರು ಟ್ರೋಫಿಯೇ ಇದರ ಮೇಲೆ ನಿಂತಿದೆ ಅನ್ನುವ ಹಾಗೆ ಉಜ್ಜುತ್ತಿದ್ದಾರೆ. ಕ್ಯಾಪ್ಟನ್ ಉಸಿರು ಬಿಡುತ್ತಿಲ್ಲ. ಕಲ್ಲು ಮೆಲ್ಲಗೆ ತಿರುಗುತ್ತಾ ಬರುತ್ತಲೇ ಇದೆ...

ನಿಂತಿತು.

ನಡುಮಧ್ಯದಲ್ಲೇನಲ್ಲ. ಹೊರಗಿನ ನೀಲಿ ಸುತ್ತಿನ ಅಂಚಿನಲ್ಲಿ, ಒಳಗೆ.

ಸ್ಕಾಟ್ಲೆಂಡ್‌ನ ಹುಡುಗಿಯರು ಬ್ರಶ್ಶಿನಿಂದ ಐಸ್ ಮೇಲೆ ಟಕ್ ಟಕ್ ಅಂತ ಬಡಿದರು. ಈ ಆಟದಲ್ಲಿ ಅದೇ ಚಪ್ಪಾಳೆ. ನಾನು ಬಾಯಿ ತೆರೆದೆ, ಧ್ವನಿಯೇ ಬರಲಿಲ್ಲ.

ಆಟ ಸೋತೆವು ಬಿಡಿ. ಅಷ್ಟರಲ್ಲಿ ಗಿರೀಶ್ ಫೋನ್.

“ಏನಾಯ್ತೇ? ಲೈವ್‌ನಲ್ಲಿ ಬರೀ ಹುಡುಗರ ಆಟ ತೋರಿಸ್ತಿದಾರೆ!”

“ಆಡಿದಳು ರೀ... ನಮ್ಮ ಚಾರ್ವಿ ಆಡಿದಳು.”

“ನಿಜವಾಗ್ಲೂ? ನೀನು ವಿಡಿಯೋ ಮಾಡಿದ್ಯಾ?”

ಅಷ್ಟು ಹೊತ್ತೂ ಫೋನ್ ಎತ್ತಿ ಹಿಡಿದೇ ನಿಂತಿದ್ದೆ. ಬಟನ್ ಒತ್ತಿರಲೇ ಇಲ್ಲ.

ವಾಪಸ್ ಬರುವಾಗ ಹೈವೇ ಮೇಲೆ ಸಂಜೆ ಬಿಸಿಲು ಇಳಿಯುತ್ತಿತ್ತು. ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡೇ ಚಾರ್ವಿ ಕೇಳಿದಳು, “ಅಮ್ಮಾ, ವೈ ಡಿಡಂಟ್ ಯು ಸ್ಕ್ರೀಮ್?”

“ನೀನೇ ಬೇಡ ಅಂದ್ಯಲ್ಲೇ!”

“ಫಾರ್ ದಟ್ ಒನ್... ಯು ಕುಡ್ ಹ್ಯಾವ್.”

ಹಾಗೇ ನಿದ್ದೆ ಹೋದಳು. ನನಗೆ ರಸ್ತೆ ಮಂಜಾಗಿ, ಕಣ್ಣೊರೆಸಿಕೊಂಡು ಡ್ರೈವ್ ಮಾಡಿದೆ.

ಅದಕ್ಕೇ ಇಷ್ಟೆಲ್ಲ ಬರೆದೆ. ಕಾಮೆಂಟ್‌ನಲ್ಲಿ ವಿಡಿಯೋ ಹಾಕಿ ಅಂತ ಕೇಳಬೇಡಿ, ಇರುವುದು ಇಷ್ಟೇ.

ಒಂದು ಸಲ ಕಣ್ಣು ಮುಚ್ಚಿ ಹೇಳಿ... ಆ ಕಲ್ಲು ಬಂದು ನಿಂತದ್ದು ನಿಮಗೂ ಕಾಣಿಸಿತಾ?